ಮಂಗಳಕ್ಕೆ ಒಯ್ದ ಚಪ್ಪಲಿ

ಒಂದು ನಿಮಿಷ ನಿಲ್ಲಿ, ಪುಟ ಮಗುಚಬೇಡಿ. ನಾನು ಮಂಗಳ ಗ್ರಹದಿಂದ ಜೀವ ಉಳಿಸಿಕೊಂಡು ಬಂದದ್ದನ್ನು ಹೇಳುವವನಿದ್ದೇನೆ, ಅದೂ ಜೈನಾಪುರದ ಹತ್ತಿರದ ಒಂದು ಒಣದ್ರಾಕ್ಷಿ ಶೆಡ್ಡಿನಿಂದ. ನಗುವವರು ಈಗಲೇ ನಕ್ಕುಬಿಡಿ. ನಡುವೆ ಒಂದು ಕಡೆ ನಗು ಬರಲಿಕ್ಕಿಲ್ಲ. ಅಲ್ಲಿ ನನಗೆ ಉಸಿರೇ ಬಂದಿರಲಿಲ್ಲ.

ನಾನು ಓದಿದ್ದು ಕಾಮರ್ಸ್. ಕೆಲಸ ಮಾಡುವುದು ನಮ್ಮ ಕಾಕಾನ ಶೆಡ್ಡಿನಲ್ಲಿ. ಮಂಗಳದ ಬಗ್ಗೆ ನನಗೆ ಗೊತ್ತಿರುವುದಷ್ಟೂ ಊಟದ ಹೊತ್ತಿನಲ್ಲಿ ಮೊಬೈಲ್ ನೋಡಿ ಕಲಿತದ್ದು. ಸರ್ಕಾರಗಳು ನಿಧಾನ, ದುಡ್ಡಿದ್ದ ನಾಲ್ಕು ಮಂದಿ ಮನಸ್ಸು ಮಾಡಿದರೆ ನಾನು ಮುದುಕನಾಗುವುದರೊಳಗೆ ಅಲ್ಲೊಂದು ಊರು ಎದ್ದು ನಿಲ್ಲುತ್ತದೆ ಎಂದು ನಂಬಿದ್ದೆ. ನಂಬಿ ಸುಮ್ಮನಿದ್ದರೆ ಆಗುತ್ತಿತ್ತು. ಬಸ್ಸಿನಲ್ಲಿ ಪಕ್ಕ ಕೂತವರು ಸಾರವಾಡದಲ್ಲಿ ಇಳಿಯುವ ತನಕ ಅವರನ್ನೂ ನಂಬಿಸುತ್ತಿದ್ದೆ. ಕೆಲವರು ಒಂದು ಸ್ಟಾಪ್ ಮೊದಲೇ ಇಳಿದದ್ದೂ ಉಂಟು.

ನಂಬದವನು ಒಬ್ಬನೇ, ರಫೀಕ್. ನನ್ನ ಸಾಲೆಯ ಗೆಳೆಯ, ಬಬಲೇಶ್ವರದಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಮಾಡುತ್ತಾನೆ. ಒಂದು ದಿನ ಸುಟ್ಟ ಮೋಟಾರಿನ ತಂತಿ ಬಿಚ್ಚುತ್ತ, ತಲೆ ಎತ್ತದೆ ಕೇಳಿದ.

"ಹೋಗೂ ಗಾಡಿ ತುಂಬಿ ಹೋಗ್ತೈತಿ, ಖರೇ. ಬರೂ ಗಾಡ್ಯಾಗ ಏನ್ ತುಂಬ್ಕೊಂಡ್ ಬರ್ತಾರಲೇ?"

"ಕಲ್ಲು," ಎಂದೆ.

"ಕಲ್ಲಾ? ನಮ್ಮ ಕಡೆ ಕಲ್ಲು ಕಡಿಮಿ ಬಿದ್ದಾವೇನು?"

ನಕ್ಕು ಮನೆಗೆ ಬಂದೆ, ಆದರೆ ಪ್ರಶ್ನೆ ಬೆನ್ನು ಬಿಡಲಿಲ್ಲ. ನಮ್ಮ ವಿಜಯಪುರವನ್ನೇ ನೋಡಿ. ಹಿಂದಿನ ಸುಲ್ತಾನರು ನೆಲದೊಳಗೆ ಸುರಂಗ ತೋಡಿಸಿ ದೂರದ ನೀರನ್ನು ಊರಿಗೆ ತಂದರು. ಖಜಾನೆ ರಾಜನದು, ಸುರಂಗಕ್ಕೆ ಹಾಕಿದ್ದು ಯಾವಾಗ ವಾಪಸು ಬರುತ್ತದೆ ಎಂದು ಅವನನ್ನು ಯಾರೂ ಕೇಳುವಂತಿರಲಿಲ್ಲ. ಖಾಸಗಿಯವರನ್ನು ಕೇಳುವವರಿದ್ದಾರೆ. ಅವರು ಹತ್ತು ವರ್ಷ ತಡೆದಾರು, ಇಪ್ಪತ್ತು ವರ್ಷ ತಡೆದಾರು. ಆಮೇಲೆ? ಒಣದ್ರಾಕ್ಷಿಯನ್ನಾದರೆ ಮಾರಬಹುದು, ಮಂಗಳ ಏನನ್ನು ಮಾರುತ್ತದೆ? ಇನ್ನು ಬಿಡಿಭಾಗದ ಮಾತು. ಇಲ್ಲಿ ಫ್ಯಾನಿನ ಬೇರಿಂಗ್ ಹೋದರೆ ಗಾಂಧಿ ಚೌಕಿಗೆ ಹೋಗಿ ಸಂಜೆಯೊಳಗೆ ತಂದು ಕೂಡಿಸುತ್ತೇವೆ. ಅಲ್ಲಿಗೆ ರಾಕೆಟ್ ಬಿಡಲು ಸರಿಯಾದ ಸಮಯ ಒದಗುವುದೇ ಸುಮಾರು ಎರಡು ವರ್ಷ ಎರಡು ತಿಂಗಳಿಗೊಮ್ಮೆ, ಹೊರಟ ಮೇಲೆ ಆರೇಳು ತಿಂಗಳ ದಾರಿ. ಅಲ್ಲಿಯವರೆಗೆ ಉಸಿರು ಹಿಡಿದುಕೊಂಡಿರಿ ಎನ್ನಲಾಗುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಸೋಲೊಪ್ಪಲು ಮನಸ್ಸಿಲ್ಲ. ಇಪ್ಪತ್ನಾಲ್ಕು ತಾಸು ಮುಚ್ಚಿದ ಖೋಲಿಯಲ್ಲಿ ಇದ್ದು ತೋರಿಸುತ್ತೇನೆ ಎಂದು ರಫೀಕನಿಗೆ ಸವಾಲು ಹಾಕಿಬಿಟ್ಟೆ. ಬಂಡವಾಳ ನನ್ನದೇ: ಗಾಂಧಿ ಚೌಕಿನಿಂದ ತಂದ ಅಗಲ ಟೇಪು, ಎರಡು ಕ್ಯಾನ್ ನೀರು, ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಪೂರ್ತಿ ಖಾಸಗಿ ಯೋಜನೆ. ಯಾರ ಅಪ್ಪಣೆಯೂ ಬೇಕಿಲ್ಲ, ಆದ್ದರಿಂದ ಶೆಡ್ಡಿನಲ್ಲಿ ಯಾರಿಗೂ ಹೇಳಲಿಲ್ಲ. ತಪ್ಪು ಶುರುವಾದದ್ದು ಅಲ್ಲಿಂದಲೇ.

ಶೆಡ್ಡಿನ ಹಿಂದೆ ಒಂದೇ ಕಟ್ಟೆಯ ಮೇಲೆ ಎರಡು ಖೋಲಿಗಳಿವೆ. ಒಂದು ಖಾಲಿ ಡಬ್ಬಿ ಇಡುವುದು. ಅದು ನನ್ನ ಮಂಗಳ. ಇನ್ನೊಂದು ಹೊಗೆಯ ಖೋಲಿ. ಒಣಗಿದ ದ್ರಾಕ್ಷಿಗೆ ಬಂಗಾರದ ಬಣ್ಣ ಬರಲೆಂದು ಅದರಲ್ಲಿಟ್ಟು, ಗಂಧಕ ಹೊತ್ತಿಸಿ, ಬಾಗಿಲು ಮುಚ್ಚಿ ಹೊಗೆ ಕೊಡುತ್ತಾರೆ. ದ್ರಾಕ್ಷಿಗೆ ಅದು ಚಂದ, ಮನುಷ್ಯನ ಎದೆಗೆ ಹೋದರೆ ಕಷ್ಟ. ಅದಕ್ಕೇ ನಮ್ಮ ಹೆಣ್ಣಾಳುಗಳ ಮುಖ್ಯಸ್ಥೆ ಕಲ್ಲವ್ವನದೊಂದು ಕಟ್ಟುನಿಟ್ಟಿನ ಪದ್ಧತಿ. ಮಾಲಿನ ಮೇಲೆ ಧೂಳು ಬೀಳಬಾರದೆಂದು ಎಲ್ಲರೂ ಚಪ್ಪಲಿ ಕಟ್ಟೆಯ ಕೆಳಗೆ ಬಿಟ್ಟೇ ಒಳಗೆ ಹೋಗಬೇಕು. ಗಂಧಕ ಹೊತ್ತಿಸುವ ಮುಂಚೆ ಎಲ್ಲರೂ ಚಪ್ಪಲಿ ಮೆಟ್ಟಿ ಅಂಗಳಕ್ಕೆ ಬರಬೇಕು. ಕಟ್ಟೆಯ ಕೆಳಗೆ ಒಂದೇ ಒಂದು ಚಪ್ಪಲಿ ಉಳಿದರೂ ಒಳಗೆ ಯಾರೋ ಇದ್ದಾರೆ ಎಂದರ್ಥ, ಕಡ್ಡಿ ಗೀರುವುದಿಲ್ಲ.

ಆ ದಿನ ಬೆಳಿಗ್ಗೆ ಎಂಟಕ್ಕೆ ನಾನು ಒಳಗೆ ಹೋದೆ. ಚಪ್ಪಲಿ ಸಮೇತ. ಮಂಗಳಕ್ಕೆ ಹೊರಟವನು ಚಪ್ಪಲಿಯನ್ನು ಭೂಮಿಯ ಮೇಲೆ ಬಿಟ್ಟು ಹೋಗುತ್ತಾನೆಯೇ ಎಂಬುದು ನನ್ನ ಬುದ್ಧಿವಂತಿಕೆ. ನನ್ನ ಮಾತಿನಂತೆ ರಫೀಕ್ ಹೊರಗಿನಿಂದ ಕೀಲಿ ಹಾಕಿದ. ಚಾವಿ ಕಿಸೆಗಿಟ್ಟುಕೊಂಡು ಬಬಲೇಶ್ವರಕ್ಕೆ ಹೋದ. ಇನ್ನೊಂದು ಕರಾರೂ ಇತ್ತು. ಮಂಗಳ ದೂರವಿದ್ದಾಗ ಅಲ್ಲಿಯ ಮಾತು ಇಲ್ಲಿಗೆ ಮುಟ್ಟಲು ಇಪ್ಪತ್ತು ನಿಮಿಷ ಬೇಕು. ಹಾಗಾಗಿ ನಾನು ಮೊಬೈಲಿನಲ್ಲಿ ಏನೇ ಬರೆದು ಕಳಿಸಿದರೂ ಅವನು ಇಪ್ಪತ್ತು ನಿಮಿಷ ಅದನ್ನು ತೆರೆದು ನೋಡುವಂತಿಲ್ಲ, ಫೋನು ಮಾಡಿದರೆ ಎತ್ತುವಂತಿಲ್ಲ. "ಅತ್ತು ಕರೆದರೂ ಎತ್ತಬ್ಯಾಡ" ಎಂದು ನಾನೇ ಆಣೆ ಹಾಕಿಸಿದ್ದೆ.

ಬಾಗಿಲ ಸಂದಿಗೆಲ್ಲ ಟೇಪು ಬಡಿದೆ, ಹೊಸ್ತಿಲಿಗೆ ಒದ್ದೆ ಗೋಣಿಚೀಲ ತುರುಕಿದೆ. ಹೊರಗಿನ ಜಗತ್ತನ್ನು ಪೂರಾ ಮುಚ್ಚಿದೆ. ಎರಡು ಖೋಲಿಗಳ ನಡುವಿನ ಗೋಡೆಯಲ್ಲಿ, ಮೇಲೆ ಮೂಲೆಗೆ, ಅಂಗೈಯಗಲದ ಕಿಂಡಿ ಇರುವುದು ನೆನಪಾಗಲಿಲ್ಲ. ಆಗ ಒಣಗುತ್ತಿದ್ದ ಮಾಲಿಗೆ ಹೊಗೆ ಹಾಕುವುದು ಮರುದಿನ ಎಂದಿತ್ತು. ಆದರೆ ಬಿಸಿಲು ಜೋರಿತ್ತು, ಮಾಲು ಬೇಗ ಒಣಗಿತ್ತು. ಕಲ್ಲವ್ವ ಕಟ್ಟೆಯ ಕೆಳಗೆ ನೋಡಿದಳು. ಒಂದೂ ಚಪ್ಪಲಿ ಇಲ್ಲ. ಹೊತ್ತಿಸಿದಳು.

ಹನ್ನೊಂದರ ಸುಮಾರಿಗೆ ಮೂಗು ಚುರುಗುಟ್ಟಿತು. "ಏನೋ ವಾಸನೆ" ಎಂದು ರಫೀಕನಿಗೆ ಬರೆದೆ. ಎರಡು ನಿಮಿಷ ಮರ್ಯಾದೆಯ ಪ್ರಶ್ನೆ ಎಂದು ತಡೆದೆ. ಮೂರನೆಯ ನಿಮಿಷಕ್ಕೆ ಕಣ್ಣಲ್ಲಿ ಖಾರ ಹಾಕಿದಂತಾಯಿತು. ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಎಂಥ ಪ್ರಾಮಾಣಿಕ ಮನುಷ್ಯ! ಕಾಕಾನಿಗೆ ಮಾಡಿದೆ. ಅವನು ಡಬ್ಬಿ ತರಲು ಟಿಕೋಟಾಕ್ಕೆ ಬೈಕ್ ಮೇಲೆ ಹೋಗಿದ್ದ. ಅವನ ಕಿಸೆಯಲ್ಲಿ ಫೋನು ರಿಂಗಾಗುತ್ತಲೇ ಇತ್ತು. ಕಲ್ಲವ್ವ ಫೋನು ಇಟ್ಟುಕೊಂಡವಳಲ್ಲ. ಬಾಗಿಲು ಬಡಿದೆ. ಹೊರಗೆ ಒಣಗಿಸುವ ಫ್ಯಾನುಗಳ ಸದ್ದು. ಕೂಗಲು ಬಾಯಿ ತೆರೆದರೆ ಹೊಗೆ ಒಳಗೆ ಹೋಗಿ ಕೆಮ್ಮು ಬರುತ್ತಿತ್ತೇ ಹೊರತು ಮಾತಲ್ಲ. ನನ್ನ ಟೇಪನ್ನು ನಾನೇ ಉಗುರಿನಿಂದ ಕೀಳತೊಡಗಿದೆ. ಒಳ್ಳೆಯ ಟೇಪು, ಬರಲೊಲ್ಲದು.

ನೆಲಕ್ಕೆ ಬಿದ್ದು ಗೋಣಿಚೀಲ ಜಗ್ಗಿದೆ. ಬಾಗಿಲ ಕೆಳಗೆ ಮೂರು ಬೆರಳಿನ ಸಂದಿ. ಮೂಗು ಅಲ್ಲಿಟ್ಟು ಉಸಿರೆಳೆದೆ. ಆಗ ಪಕ್ಕದಲ್ಲಿ ಕಂಡದ್ದು ನನ್ನ ಚಪ್ಪಲಿ. ಏನು ಹೊಳೆಯಿತೋ, ಒಂದನ್ನು ಆ ಸಂದಿಯಲ್ಲಿ ತೂರಿಸಿ ಬಲವಾಗಿ ತಳ್ಳಿದೆ. ಅದು ಜಾರಿ ಕಟ್ಟೆಯಿಂದ ಕೆಳಗೆ ಬಿದ್ದ ಸದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ, ಫ್ಯಾನು, ಫ್ಯಾನು. ಎರಡನೆಯದನ್ನೂ ತಳ್ಳಲೇ ಎಂದು ಕೈ ಚಾಚುವಷ್ಟರಲ್ಲಿ ಕಲ್ಲವ್ವನ ದನಿ ಸಿಡಿಯಿತು.

"ಚಪ್ಪಲಿ! ಯಾರದ ಬೇ ಇದು ಚಪ್ಪಲಿ? ಒಳಗ ಯಾರೋ ಅದಾರ! ತಗೀರಿ ಬಾಗಲಾ!"

ಹೊಗೆಯ ಖೋಲಿಯ ಬಾಗಿಲು ದಡಾರನೆ ತೆರೆಯಿತು. ಅಲ್ಲಿ ಯಾರೂ ಇಲ್ಲ. ನಾನು ಅಂಗೈಯಿಂದ ನೆಲಕ್ಕೆ ಬಡಿದೆ. ಹೆಜ್ಜೆಗಳು ನನ್ನ ಬಾಗಿಲ ಕಡೆ ಓಡಿ ಬಂದವು. ಆಮೇಲೆ ಕೀಲಿಯ ಮೇಲೆ ಕಲ್ಲು ಬಿತ್ತು. ನಮ್ಮ ಕಡೆ ಕಲ್ಲಿಗೆ ಕಡಿಮೆಯಿಲ್ಲ ಎಂದು ರಫೀಕ್ ಹೇಳಿದ್ದು ಸುಳ್ಳಲ್ಲ. ನಾಲ್ಕೇ ಏಟು.

ಬೇವಿನ ನೆರಳಲ್ಲಿ ಕೂಡಿಸಿ ಮುಖಕ್ಕೆ ನೀರು ಸುರಿದರು. ಕಲ್ಲವ್ವ ಸೆರಗಿನಿಂದ ನನ್ನ ಮುಖ ಒರೆಸುತ್ತಲೇ ಬೈದಳು.

"ಒಳಗ ಯಾಕ ಕುಂತಿದ್ದೆಲೇ ಬಸ್ಯಾ? ನಾ ಇವತ್ತ ನಿನ್ನ ಕೊಲ್ತಿದ್ನಲ್ಲೋ!"

"ಮಂಗಳ ಗ್ರಹ, ಯವ್ವಾ..." ಎಂದೆ ಕೆಮ್ಮುತ್ತ.

"ಗ್ರಹಾನ ಬಡದೈತಿ ನಿನಗ. ಚಪ್ಪಲಿ ಯಾಕ ಒಳಗ ಒಯ್ದಿ, ಅದನ್ನ ಹೇಳು!"

ಆಗಲೇ ಮೊಬೈಲು ಸದ್ದು ಮಾಡಿತು. ಸರಿಯಾಗಿ ಇಪ್ಪತ್ತು ನಿಮಿಷಕ್ಕೆ ಭೂಮಿಯಿಂದ ಉತ್ತರ: "ಯಾತರ ವಾಸನಿ? ಚಾವಿ ತರ್ಲ್ಯಾ?"

ತಂದ. ಹೇಗೆ ಬೈಕ್ ಓಡಿಸಿದನೋ, ಮೈಯೆಲ್ಲ ಧೂಳು. "ನೀ ಆಣಿ ಹಾಕ್ಸಿದ್ದಿ ಅಂತ ಗಡಿಯಾರ ನೋಡ್ಕೊಂತ ಕುಂತೆ ಯಪ್ಪಾ. ರಿಂಗ್ ಆಗೂದು ಕೇಳ್ಕೊಂತ ಕುಂತೆ," ಎಂದವನು ಒಡೆದ ಕೀಲಿಯನ್ನು ಎತ್ತಿ, ಚಾವಿಯ ಜೊತೆ ಕಲ್ಲವ್ವನ ಕೈಗೆ ಕೊಟ್ಟ.

ಹಾಗಾದರೆ ಖಾಸಗಿ ದುಡ್ಡಿನಲ್ಲಿ ಮಂಗಳದ ಮೇಲೆ ಊರು ಸಾಧ್ಯವೇ? ರಾಕೆಟ್ ಹೋದೀತು. ಮನುಷ್ಯರು ಇಳಿದಾರು, ಬಾವುಟ ಹಿಡಿದು ಫೋಟೋ ಕಳಿಸಿಯಾರು. ನಾನು ಈಗಲೂ ಆ ವಿಡಿಯೋಗಳನ್ನು ನೋಡುತ್ತೇನೆ, ಚಟ ಹೋಗಿಲ್ಲ. ಆದರೆ ಊರು ಎನ್ನುವುದು ಈಗಿನ ಲೆಕ್ಕಾಚಾರದಲ್ಲಿ ಆಗುವುದಿಲ್ಲ ಎಂದು ಒಪ್ಪಿಕೊಂಡಿದ್ದೇನೆ. ಬಾಗಿಲು ಗಟ್ಟಿಯಾಗಿ ಮುಚ್ಚುವುದನ್ನು ದುಡ್ಡು ಮಾಡುತ್ತದೆ. ನನ್ನ ಟೇಪೇ ಸಾಕ್ಷಿ. ಮಾಲು ಹಾಳಾದರೂ ಸರಿ, ಹೊಗೆಯ ಬಾಗಿಲು ತೆಗೆಯಿರಿ ಎಂದು ಯಾರನ್ನೂ ಕೇಳದೆ ಕೂಗುವ ಕಲ್ಲವ್ವನನ್ನು ಅಲ್ಲಿಗೆ ಯಾರು ಕಳಿಸುತ್ತಾರೆ? ಮಾಲೀಕ ಇರುವುದು ಇಪ್ಪತ್ತು ನಿಮಿಷ ದೂರದಲ್ಲಿ. ಮಾಲು ಅವನದು. ಹೊಗೆ ಅವನ ಮೂಗಿಗೆ ಬರುವುದಿಲ್ಲ.

ಕಲ್ಲವ್ವ ಈಗ ಪದ್ಧತಿಗೆ ಒಂದು ಹೊಸ ಸಾಲು ಸೇರಿಸಿದ್ದಾಳೆ. ಚಪ್ಪಲಿ ನೋಡಿದ ಮೇಲೆ, ನಾನು ಎದುರಿಗೇ ನಿಂತಿದ್ದರೂ, ಎಲ್ಲರ ಮುಂದೆ ಕೂಗುತ್ತಾಳೆ: "ಬಸ್ಯಾ, ಭೂಮಿ ಮ್ಯಾಲ ಅದಿಯೇನಲೇ?" ಹೆಂಗಸರೆಲ್ಲ ನಗುತ್ತಾರೆ. "ಅದೀನಿ, ಯವ್ವಾ!" ಎಂದು ನಾನು ಉತ್ತರ ಕೊಡುವ ತನಕ ಕಡ್ಡಿ ಗೀರುವುದಿಲ್ಲ. ನಾನೂ ತಡ ಮಾಡುವುದಿಲ್ಲ.

ನಿಮ್ಮ ಕೆಲಸದ ಜಾಗದಲ್ಲೂ ಇಂಥ ಒಬ್ಬರು ಇರಬೇಕು, ನೀವು ಒಳಗೆ ಉಳಿದಿಲ್ಲ ತಾನೇ ಎಂದು ನೋಡಿಯೇ ಬಾಗಿಲು ಹಾಕುವವರು. ಅವರು ಯಾರು, ಏನನ್ನು ನೋಡಿ ಗುರುತು ಹಿಡಿಯುತ್ತಾರೆ, ಎಂದಾದರೂ ನೀವೂ ಚಪ್ಪಲಿ ಒಳಗೆ ಒಯ್ದಿದ್ದಿರಾ? ದಯವಿಟ್ಟು ಬರೆದು ತಿಳಿಸಿ. ಇಪ್ಪತ್ತು ನಿಮಿಷ ಕಾಯಬೇಡಿ.