ಅಪ್ಪ ತಾನಾಗಿ ತೋರಿಸಿದ ಐಬು

ಮೊನ್ನೆ ಹಲಸೂರಿನ ಮಾರುಕಟ್ಟೆಯಲ್ಲಿ ಮಾವಿನ ಹಣ್ಣಿನವನು ತಕ್ಕಡಿಯಿಂದ ಒಂದು ಹಣ್ಣನ್ನು ತಾನಾಗಿ ಎತ್ತಿ ಪಕ್ಕಕ್ಕಿಟ್ಟ. "ಇದು ಬೇಡಮ್ಮ, ಸ್ವಲ್ಪ ಮೆತ್ತಗಾಗಿದೆ," ಎಂದ. ಇನ್ನೊಬ್ಬರಾಗಿದ್ದರೆ ಅವನನ್ನು ಹರಸಿ ಚೀಲ ಹಿಡಿಯುತ್ತಿದ್ದರು. ನಾನು ಮಾತ್ರ ಉಳಿದ ಹಣ್ಣುಗಳನ್ನೆಲ್ಲ ಒಂದೊಂದಾಗಿ ತಿರುಗಿಸಿ ನೋಡಿದೆ. ಒಂದೂ ಕೊಳೆತಿರಲಿಲ್ಲ. ಅದರಿಂದ ನನ್ನ ಅನುಮಾನ ಇನ್ನಷ್ಟು ಹೆಚ್ಚಿತು.

ಈ ಕಾಯಿಲೆ ನನಗೆ ಅಪ್ಪನಿಂದ ಬಂದದ್ದು. ಅವನಿಗೂ ಹುಟ್ಟಿನಿಂದ ಇದ್ದದ್ದಲ್ಲ.

ಅಪ್ಪ ಹಲಸೂರಿನ ಒಂದು ಶಾಲೆಯಲ್ಲಿ ಲೆಕ್ಕದ ಮೇಷ್ಟರಾಗಿದ್ದ. ಯುದ್ಧ ಬಂತು, ಪೆಟ್ರೋಲು ಸಿಗದಂತಾಯಿತು, ಮೂಲೆ ಸೇರಿದ್ದ ಜಟಕಾಗಳೆಲ್ಲ ಮತ್ತೆ ರಸ್ತೆಗಿಳಿದವು. ಜಟಕಾಕ್ಕೆ ಕುದುರೆ ಬೇಕಲ್ಲ. ನಲವತ್ತು ದಾಟಿದ್ದ ಅಪ್ಪ ಒಂದು ಸಂಜೆ ಕೋಟು ಬಿಚ್ಚುತ್ತಾ, "ಇಷ್ಟು ವರ್ಷ ಮಕ್ಕಳಿಗೆ ಲಾಭ ನಷ್ಟದ ಲೆಕ್ಕ ಹೇಳ್ಕೊಟ್ಟೆ. ಇನ್ನು ನಾನೇ ಮಾಡಿ ನೋಡ್ತೀನಿ," ಎಂದ. ಈ ಮಾತನ್ನು ನಾನೇ ಕೇಳಿದ್ದೋ, ಅಮ್ಮ ಆಮೇಲೆ ಅಣಕಿಸಿ ಹೇಳುತ್ತಿದ್ದುದನ್ನು ನನ್ನ ನೆನಪು ಎಂದುಕೊಂಡಿದ್ದೇನೋ ಗೊತ್ತಿಲ್ಲ. ಅಮ್ಮನ ಉತ್ತರವಂತೂ ಸರಿಯಾಗಿ ನೆನಪಿದೆ: "ಲೆಕ್ಕ ತಪ್ಪಾದ್ರೆ ಹಲಗೆ ಒರೆಸಬಹುದು. ಕುದುರೇನ ಏನ್ ಒರೆಸ್ತೀರಿ?"

ಆಗ ಬ್ಲ್ಯಾಕ್‌ಪಲ್ಲಿ ಎನ್ನುತ್ತಿದ್ದ ಈಗಿನ ಶಿವಾಜಿನಗರದ ಹಿಂದೆ, ದಂಡು ಪ್ರದೇಶದ ಒಂದು ಬಯಲಿನಲ್ಲಿ ಕುದುರೆ ವ್ಯಾಪಾರ ನಡೆಯುತ್ತಿತ್ತು. ಓದಿದ ಅಪ್ಪ ಅಲ್ಲಿ ಮಾಡಿದ ಮೊದಲ ಕೆಲಸವೆಂದರೆ ಕೆಟ್ಟ ಸುಳಿಯ ಕುದುರೆಗಳನ್ನು ಕೊಂಡದ್ದು. ಹಣೆಯಲ್ಲೋ ಎದೆಯಲ್ಲೋ ಕೂದಲು ಸುತ್ತಿದ ರೀತಿ ಸರಿಯಿಲ್ಲವೆಂದು ಜನ ಬಿಟ್ಟ ಗಟ್ಟಿಮುಟ್ಟಾದ ಕುದುರೆಗಳು ಅಗ್ಗಕ್ಕೆ ಸಿಗುತ್ತಿದ್ದವು. ಸುಳಿಯಲ್ಲಿ ಏನೂ ಇಲ್ಲವೆಂದು ಅಪ್ಪನಿಗೆ ಗೊತ್ತಿತ್ತು. ಕೊಳ್ಳುವವರಿಗೆ ಅದು ಗೊತ್ತಿಲ್ಲ ಎಂಬುದು ಮಾತ್ರ ಅವನ ಲೆಕ್ಕಕ್ಕೆ ಬಂದಿರಲಿಲ್ಲ. ಕುದುರೆಗಳು ನಮ್ಮ ಹಿತ್ತಿಲಲ್ಲಿ ನಿಂತು ಹುರುಳಿ ತಿಂದವು.

ಅವನನ್ನು ಎತ್ತಿ ನಿಲ್ಲಿಸಿದವರು ಖಾದರ್ ಸಾಹೇಬರೆಂಬ ದಲ್ಲಾಳಿ. ನಮ್ಮ ಜಗಲಿಯ ಮೇಲೆ ಕುಳಿತು ಅವರು ಪಾಠ ಹೇಳುತ್ತಿದ್ದರು. "ಅರೆ ಮೇಷ್ಟ್ರೇ, ಸಣ್ಣ ಐಬು ನೀವೇ ತೋರ್ಸಿಬಿಡಿ. ಗಿರಾಕಿ ಕಣ್ಣು ಅಲ್ಲೇ ಕೂತ್ಕೊಳ್ತದೆ. ದೊಡ್ಡದರ ತಂಟೆಗೆ ಬರಲ್ಲ."

ಅಪ್ಪ ಪಾಠವನ್ನು ಮನೆಯೊಳಕ್ಕೂ ತಂದ. ಅಮ್ಮ ಒಂದು ದಿನ, "ಸಾರಿಗೆ ಉಪ್ಪು ಒಂಚೂರು ಜಾಸ್ತಿ ಆಗಿದೆ," ಎಂದಳು. ಅಪ್ಪ ಸಾರಿನ ಕಡೆ ನೋಡಲೇ ಇಲ್ಲ. ಪಲ್ಯದ ಪಾತ್ರೆಯ ಮುಚ್ಚಳ ತೆಗೆದು, "ಇದಕ್ಕೇನಾಗಿದೆ?" ಎಂದು ಕೇಳಿದ. ನಾವು ನಕ್ಕೆವು, ಅವನು ನಗಲಿಲ್ಲ.

ಅಕ್ಕನನ್ನು ನೋಡಲು ಕೃಷ್ಣರಾಜಪುರದ ಕಡೆಯ ಜಮೀನುದಾರರು ಬಂದದ್ದು ಆ ಕಾಲದಲ್ಲೇ. ನನ್ನ ದಿನಚರಿಯಲ್ಲಿ ಅವತ್ತಿಗೆ "ಮೋಡ" ಎಂಬುದನ್ನು ಬಿಟ್ಟರೆ ಏನೂ ಇಲ್ಲ. ಮುಖ್ಯವಾದದ್ದನ್ನು ಬರೆಯದಿರುವುದು ನನ್ನ ಹಳೆಯ ಚಾಳಿ. ಅಕ್ಕನ ನೆತ್ತಿಯಲ್ಲಿ ಎರಡನೆಯ ಸುಳಿಯೊಂದಿತ್ತು. ಅದು ಕಾಣದಂತೆ ನಾನು ಬೈತಲೆಯನ್ನು ಓರೆಯಾಗಿ ತೆಗೆದು ಎಣ್ಣೆ ಹಚ್ಚಿ ಬಾಚಿದ್ದೆ. ಹುಡುಗನ ದೊಡ್ಡಮ್ಮ ಅಕ್ಕನ ಜಡೆಯನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ಅಪ್ಪ ಎದ್ದು ಬಂದ. ನಾನು ಬಾಚಿದ್ದ ಕೂದಲನ್ನು ಎರಡು ಬೆರಳಲ್ಲಿ ಸರಿಸಿ, "ಇಲ್ಲೊಂದು ಸುಳಿ ಇದೆ. ಮುಚ್ಚಿಡೋದು ನನಗೆ ಆಗಲ್ಲ," ಎಂದ.

ಹುಡುಗನ ತಂದೆ ಹಿಗ್ಗಿದರು. "ಮೇಷ್ಟ್ರ ಮನೆ ಅಂದ್ರೆ ಇದೇ ಕಣ್ರೀ. ನಮಗೆ ಇಂಥ ಸಂಬಂಧಾನೇ ಬೇಕಿತ್ತು."

ನಾನು ಅಕ್ಕನ ಮುಖ ನೋಡಿದೆ. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅಪ್ಪ ಶಾಲೆ ಬಿಟ್ಟದ್ದನ್ನು, ಕುದುರೆ ವ್ಯಾಪಾರಿಯಾದದ್ದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಹಿತ್ತಿಲ ಕುದುರೆಗಳೂ ಬೆಳಿಗ್ಗೆಯೇ ಖಾದರ್ ಸಾಹೇಬರ ಲಾಯಕ್ಕೆ ಹೋಗಿದ್ದವು.

ಅಕ್ಕ ತಲೆ ಎತ್ತಿದಳು. "ಅಪ್ಪ ಈಗ ಮೇಷ್ಟ್ರಲ್ಲ. ದಂಡಿನಲ್ಲಿ ಕುದುರೆ ವ್ಯಾಪಾರ ಮಾಡ್ತಾರೆ."

ಅವರು ಕಾಫಿ ಕುಡಿದರು. ದಾರಿ ದೂರ, ಕತ್ತಲಾಗುವುದರೊಳಗೆ ಊರು ಸೇರಬೇಕು ಎಂದರು. ಆಮೇಲೆ ಸಂಬಂಧ ತಂದಿದ್ದವನ ಕೈಯಲ್ಲಿ ಹೇಳಿಕಳಿಸಿದರು: ಹುಡುಗಿಯ ಸುಳಿ ಸರಿ ಬರಲಿಲ್ಲವಂತೆ.

ಅಮ್ಮ ಅಕ್ಕನನ್ನು ಬಯ್ದಳು. ಅಪ್ಪ ಬಯ್ಯಲಿಲ್ಲ. "ಅವರೂ ವ್ಯಾಪಾರ ಬಲ್ಲವರೇ. ಸಣ್ಣದನ್ನ ತೋರಿಸಿ ಕಳಿಸಿದಾರೆ," ಎಂದು ನಗಲು ನೋಡಿದ.

"ನಿಮ್ಮನ್ನ ಐಬು ಅಂತ ಬಚ್ಚಿಟ್ಟು ನಾನು ಸಂಸಾರ ಮಾಡ್ಬೇಕಿತ್ತಾ ಅಪ್ಪಾ?" ಎಂದಳು ಅಕ್ಕ.

ಅಪ್ಪ ಆ ನಗುವನ್ನು ಪೂರ್ತಿ ಮಾಡಲಿಲ್ಲ. ಮುಂದಿನ ಸಂಬಂಧದವರು ಬಂದಾಗ ಅವರು ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ಅಡ್ಡ ನಿಂತು, "ಕುದುರೆ ವ್ಯಾಪಾರ ನಂದು. ಒಳಗೆ ಬರ್ತೀರಾ?" ಎಂದ. ಅವರು ಬಂದರು. ಭಾವ ಸಿಕ್ಕಿದ್ದು ಹಾಗೆ. ಆದರೂ ಮದುವೆ ಮುಗಿಯುವ ತನಕ ನಾನು ಭಾವನ ಐಬು ಹುಡುಕುತ್ತಲೇ ಇದ್ದೆ. ಇಷ್ಟು ಸುಲಭವಾಗಿ ಒಪ್ಪಿದವರನ್ನು ನಂಬುವುದು ಹೇಗೆ?

ಅಪ್ಪ ಅವತ್ತು ಸುಳಿ ತೋರಿಸಿದ್ದು ಪೂರ್ತಿ ವ್ಯಾಪಾರವೇ, ಅಥವಾ ಅದರಲ್ಲಿ ಮೇಷ್ಟರ ಪಾಲು ಒಂದಿಷ್ಟಾದರೂ ಇತ್ತೇ? ಇಷ್ಟು ವರ್ಷ ನಾನು ತೂಗಿ ನೋಡಿದ್ದು ಅದನ್ನೇ. ಅಪ್ಪ ಬದುಕಿದ್ದಾಗ ಕೇಳಲಿಲ್ಲ. ಕೇಳಿದರೂ ಉತ್ತರವನ್ನು ನಂಬುತ್ತಿರಲಿಲ್ಲ.

ಮೊನ್ನೆ ಮಾರುಕಟ್ಟೆಯಿಂದ ನೇರವಾಗಿ ಮರ್ಫಿ ಟೌನಿನಲ್ಲಿರುವ ಅಕ್ಕನ ಮನೆಗೆ ಹೋಗಿ ಅದನ್ನು ಅವಳನ್ನೇ ಕೇಳಿದೆ. ಅವಳು ನನ್ನ ಕೈಯ ಚೀಲ ಇಸಿದುಕೊಂಡು ಕೆಳಗಿಟ್ಟಳು.

"ನೀನು ದೂರ ನಿಂತಿದ್ದೆ ಕಣೆ. ನನ್ನ ತಲೆ ಮುಟ್ಟಿದಾಗ ಅಪ್ಪನ ಕೈ ನಡುಗ್ತಿತ್ತು. ಕುದುರೆ ಮುಟ್ಟುವಾಗ ಯಾವತ್ತೂ ನಡುಗ್ತಿರಲಿಲ್ಲ."

ನಿಜವಾಗಿಯೂ ನಡುಗಿತ್ತೋ, ನನ್ನ ಸಮಾಧಾನಕ್ಕೆ ಅಕ್ಕ ಈಗ ನಡುಗಿಸಿದಳೋ? ಬಾಯಿಗೆ ಬಂದ ಪ್ರಶ್ನೆಯನ್ನು ನುಂಗಿಕೊಂಡು ಅವಳ ಪಕ್ಕದಲ್ಲಿ ಕುಳಿತೆ.