ಅರಬುಟ್ಟಿ

ಹೊಳೆಪ್ಪನಿಗೆ ಜನರ ಮುಖಕ್ಕಿಂತ ಬೆನ್ನಿನ ಗುರುತು ಚೆನ್ನಾಗಿತ್ತು. ಮಡಗಾಂವದಲ್ಲಿ ಸ್ಲ್ಯಾಬ್ ಹಾಕುವ ಗ್ಯಾಂಗಿನಲ್ಲಿ ಅವನು ಹನ್ನೊಂದು ವರ್ಷ ದುಡಿದ. ಕಲಸಿದ ಕಾಂಕ್ರೀಟು ಕಬ್ಬಿಣದ ಬುಟ್ಟಿಗಳಲ್ಲಿ ಕೈಯಿಂದ ಕೈಗೆ ಏಣಿ ಹತ್ತಿ ಮೇಲೆ ಹೋಗಬೇಕು. ಒಬ್ಬ ತಡೆದರೆ ಸಾಲೆಲ್ಲ ತಡೆಯುತ್ತದೆ. ಸಂಜೆ ಕೆಲಸ ಬಿಟ್ಟಾಗ ಅವನು ಒಬ್ಬೊಬ್ಬರ ಬೆನ್ನಿನ ಅಂಗಿ ನೋಡುತ್ತಿದ್ದ. ಹಳಬರ ಅಂಗಿ ಒದ್ದೆಯಾಗಿರುತ್ತಿತ್ತು, ಅಷ್ಟೆ. ಹೊಸಬರ ಅಂಗಿಯ ಮೇಲೆ ಬೆವರು ಒಣಗಿ ಉಪ್ಪಿನ ಬಿಳಿ ಗೆರೆ ಎದ್ದಿರುತ್ತಿತ್ತು.

ಇದನ್ನು ಅವನಿಗೆ ಕಲಿಸಿದವಳು ಫಕೀರವ್ವ, ಆ ಗ್ಯಾಂಗಿನ ಹಿರಿಯಳು. ಎಂಬತ್ತಮೂರರಲ್ಲಿ ಬಾದಾಮಿ ಸೀಮೆಯಿಂದ ಬಂದ ಹೊಳೆಪ್ಪನಿಗೆ ಗೋವಾದ ಬಿಸಿಲು ಬಿಸಿಲೇ ಅನಿಸಿರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಮೀನಖಂಡ ಹಿಡಿದುಕೊಂಡು, ವಾಂತಿಯಾಗಿ, ಮರಳಿನ ರಾಶಿಯ ಮೇಲೆ ಬಿದ್ದ. ಫಕೀರವ್ವ ಅವನನ್ನು ಹಲಸಿನ ಮರದ ನೆರಳಿಗೆ ಎಳೆದು, ತಣ್ಣೀರು ಹೊಯ್ದು, ಎಚ್ಚರಾದ ಮೇಲೆ ತನ್ನ ಡಬ್ಬಿಯ ಪೇಜನ್ನು, ಅಂದರೆ ಗೋವಾದವರ ಗಂಜಿಯನ್ನು, ಉಪ್ಪು ಹಾಕಿ ಕುಡಿಸಿದಳು.

"ನೀ ಅಷ್ಟ ಬಂದೀಯೋ ತಮ್ಮಾ. ನಿನ್ನ ಮೈ ಇನ್ನಾ ನಿಮ್ಮೂರಾಗ ಐತಿ," ಎಂದಳು. "ನಡಕೋಂತ ಬರಾಕತ್ತೈತಿ. ಹತ್ತು ಹನ್ನೆರಡು ದಿನ ಹಿಡೀತೈತಿ. ಅಲ್ಲೀತನಾ ಅರಬುಟ್ಟಿ ಹೊರು."

ಹನ್ನೆರಡು ದಿನ ಅವನಿದ್ದ ಸಾಲಿಗೆ ಬುಟ್ಟಿ ಅರ್ಧವೇ ತುಂಬಿದರು, ಅದನ್ನೇ ಹೊತ್ತ. ಮೈ ಬಂತು. ಮೊದಲ ಬುಟ್ಟಿಗೇ ನೀರಿನಂಥ ಬೆವರು ಒಡೆಯತೊಡಗಿತು, ಎದೆ ಹೊಡೆದುಕೊಳ್ಳುವುದು ನಿಂತಿತು, ಅಂಗಿಯ ಬಿಳಿ ಗೆರೆ ದಿನದಿನಕ್ಕೆ ತೆಳುವಾಗಿ ಅಳಿಸಿಹೋಯಿತು. ಫಕೀರವ್ವ ತೀರಿಕೊಂಡ ಮೇಲೆ ಅರಬುಟ್ಟಿಯ ಕಾನೂನು ಹೊಳೆಪ್ಪನ ಕೈಗೆ ಬಂತು.

ತೊಂಬತ್ತರಲ್ಲಿ ವಿಜಾಪುರದ ಕಡೆಯ ತಾಂಡಾದಿಂದ ಗಣಪ್ಪ ಬಂದ. ಮೂವತ್ತರ ಗಟ್ಟಿ ಆಳು. ಅರ್ಧ ಬುಟ್ಟಿ ಕಂಡು ಅವನ ಮುಖ ಕೆಂಪಾಯಿತು.

"ನಾ ಏನ್ ಬಾಣಂತಿ ಏನ್ರೀ? ನಮ್ಮ ಬಿಸಿಲ ಮುಂದ ಇದ್ಯಾವ ಬಿಸಿಲು?"

"ನಿಮ್ಮೂರಾಗ ಬೆವರು ಬಂದಂಗ ಗಾಳಿ ಒಯ್ತೈತಿ," ಎಂದ ಹೊಳೆಪ್ಪ. "ಇಲ್ಲಿ ಗಾಳೀನ ತೊಯ್ದು ನಿಂತೈತಿ. ನಿನ್ನ ಬೆವರು ಎಲ್ಲಿ ಹೊತ್ಕೊಂಡು ಹೋಗ್ಬೇಕು? ಸುಮ್ನ ಹೊರು."

ಹೇಳುವಾಗ ಅವನು ನಗಲಿಲ್ಲ, ಬೇರೆಯವರನ್ನೂ ನಗಗೊಡಲಿಲ್ಲ. ಗಣಪ್ಪ ಹನ್ನೆರಡು ದಿನ ಬೈದುಕೊಳ್ಳುತ್ತ ಹೊತ್ತ. ಆಮೇಲೆ ಅವರಿಬ್ಬರೂ ಅಣ್ಣತಮ್ಮಂದಿರಂತೆ ಇದ್ದರು.

ತೊಂಬತ್ತನಾಲ್ಕರ ಮಾರ್ಚಿನಲ್ಲಿ ಹೊಳೆಪ್ಪನ ಪಾದಕ್ಕೆ ಸೆಂಟ್ರಿಂಗ್ ಹಲಗೆಯ ಮೊಳೆ ಹೊಕ್ಕಿತು. ಮೋತಿ ಡೊಂಗರ್ ಗುಡ್ಡದ ತನ್ನ ಬಾಡಿಗೆ ಖೋಲಿಯಲ್ಲಿ ಕಾಲು ಚಾಚಿ ಏಳು ವಾರ ಕೂತ. ಮೇ ತಿಂಗಳಲ್ಲಿ ಗಾಯ ಮಾಯಿತು. ಮಳೆಗೆ ಮುಂಚೆ ದೊಡ್ಡ ಸ್ಲ್ಯಾಬ್ ಮುಗಿಯಬೇಕಿತ್ತು. ಹೊಳೆಪ್ಪ ಕೆಲಸಕ್ಕೆ ಹೊರಟ. ಈ ಏಳು ವಾರದಲ್ಲಿ ಮೈ ಅವನಿಗೆ ಹೇಳದೆಯೇ ಊರಿಗೆ ಹೊರಟುಹೋಗಿತ್ತು.

ಬುಟ್ಟಿ ತುಂಬುವ ಜಾಗದಲ್ಲಿ ಈಗ ಗಣಪ್ಪ ನಿಂತಿದ್ದ. ಸಲಿಕೆ ಅರ್ಧಕ್ಕೇ ನಿಲ್ಲಿಸಿ, ಹಲ್ಲು ಕಿರಿದು ಕೂಗಿದ:

"ಹೊಸಾ ಆಳು ಬಂದಾನ್ರೆಪಾ! ತಗೋ ಅಣ್ಣಾ, ಅರಬುಟ್ಟಿ. ಹನ್ನೆರಡು ದಿನ ಪಿಟ್ ಅನ್ನಂಗಿಲ್ಲ!"

ಸಾಲೆಲ್ಲ ನಕ್ಕಿತು. ಹೊಳೆಪ್ಪನೂ ನಕ್ಕ.

"ನಾ ಈ ಏಣಿ ಹತ್ತೋವಾಗ ನೀ ಊರಾಗ ಆಡು ಕಾಯ್ತಿದ್ದಿ ಮಗನ. ತುಂಬು."

ಗಣಪ್ಪ ತುಂಬಿದ.

ಆ ಸಂಜೆ ಹೆಂಡತಿ ಹುಲಿಗೆವ್ವ ಅಂಗಿ ಒಗೆಯಲು ಎತ್ತಿದಳು. ಬೆನ್ನ ತುಂಬ ಬಿಳಿ ಗೆರೆ. ಎಲ್ಲರ ಬೆನ್ನು ನೋಡುತ್ತಿದ್ದವನಿಗೆ ತನ್ನ ಬೆನ್ನು ಕಂಡಿರಲಿಲ್ಲ.

"ಇದೇನ್ರೀ, ಹೊಸಬ್ರ ಅಂಗಿ ಆಗೇತಲ್ಲ?"

"ಸಿಮೆಂಟ್ ಅದು. ಝಾಡ್ಸಿ ಒಗಿ."

ಅವಳು ಬೆರಳು ಒತ್ತಿ ನಾಲಿಗೆಗೆ ಹಚ್ಚಿಕೊಂಡಳು. "ಸಿಮೆಂಟು ಯಾವಾಗಿಂದ ಉಪ್ಪಾತು?"

ಹೊಳೆಪ್ಪ ಮೀನಖಂಡ ತಿಕ್ಕಿಕೊಳ್ಳುತ್ತ ಕೂತ. ಹನ್ನೊಂದು ವರ್ಷದ ಹಿಂದಿನ ಆ ಹಿಡಿತ ಮತ್ತೆ ಬಂದಿತ್ತು. ಅದು ಏನೆಂದು ಅವನಿಗಿಂತ ಚೆನ್ನಾಗಿ ತಿಳಿದವರು ಮಡಗಾಂವದಲ್ಲಿ ಇರಲಿಲ್ಲ.

ಮರುದಿನವೂ ತುಂಬಿದ ಬುಟ್ಟಿ, ಸಂಜೆ ಅಂಗಿಯ ಮೇಲೆ ಅದೇ ಬಿಳಿ ಗೆರೆ. ಮೂರನೆಯ ದಿನ ಬೆಳಿಗ್ಗೆ ಹುಲಿಗೆವ್ವ ಬಾಗಿಲಲ್ಲಿ ಅಡ್ಡ ನಿಂತಳು.

"ಇವತ್ತರೆ ಅರಬುಟ್ಟಿ ಹೊರ್ರಿ. ನಿಮ್ಮ ಕಾನೂನ ಐತಲ್ಲ."

"ಅದು ಹೊಸಬ್ರಿಗೆ."

"ಯಾರು ಹೊಸಬ್ರು, ಯಾರು ಹಳಬ್ರು, ಮೈಗೇನ್ ಗೊತ್ರೀ?"

"ಹನ್ನೊಂದು ವರ್ಷದ ಮ್ಯಾಲ ಅರಬುಟ್ಟಿ ಹೊತ್ರ ಮಂದಿ ನಗ್ತಾರ. ಸರಿ ಅತ್ಲಾಗ."

ಅವಳು ಸರಿದಳು.

ಅವತ್ತು ಮೋಡ ಕವಿದಿತ್ತು. ಎಲೆ ಅಲ್ಲಾಡಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಹೊಳೆಪ್ಪನ ಚೇಷ್ಟೆಯ ಮಾತು ನಿಂತಿತು. ಎದೆ ಕಿವಿಯೊಳಗೆ ಬಡಿಯತೊಡಗಿತು. ಬುಟ್ಟಿ ಬಂತು, ಕೊಟ್ಟ. ಮತ್ತೊಂದು ಬಂತು, ಕೊಟ್ಟ. ಸ್ಲ್ಯಾಬ್ ಅರ್ಧಕ್ಕೆ ಬಿಡುವಂತಿಲ್ಲ, ಸಾಲು ಬಿಟ್ಟು ಇಳಿಯುವಂತಿಲ್ಲ, ಇನ್ನೊಂದು ಬುಟ್ಟಿ, ಇನ್ನೊಂದೇ ಅಂದುಕೊಂಡ. ಮಧ್ಯಾಹ್ನ ಅವನು ಕೈ ಚಾಚಲಿಲ್ಲ. ಏಣಿಯ ಮೇಲಿಂದ ಗಣಪ್ಪನತ್ತ ತಿರುಗಿ, ಬಹಳ ಮೆಲ್ಲಗೆ ಕೇಳಿದ:

"ಫಕೀರವ್ವಾ, ಪೇಜ್ ಉಳಿದೈತೇನು?"

ಫಕೀರವ್ವ ಸತ್ತು ಆರು ವರ್ಷವಾಗಿತ್ತು. ಗಣಪ್ಪ ಸಲಿಕೆ ಬಿಸುಟು ಓಡುವಷ್ಟರಲ್ಲಿ ಹೊಳೆಪ್ಪ ಮಡಚಿಕೊಂಡು ಬಿದ್ದ. ಮೈ ಕಾದ ತವದಂತಿತ್ತು. ನೀರು ಹೊಯ್ದರು, ಟೆಂಪೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ಸಂಜೆಗೆ ಮುಗಿಯಿತು. ಅವನಿಗೆ ನಲವತ್ತೊಂದು.

ಮಣ್ಣು ಮಾಡಿದ ಐದನೆಯ ದಿನ ಗಣಪ್ಪ ಖೋಲಿಗೆ ಬಂದು ಹೊಸ್ತಿಲ ಮೇಲೆ ಕೂತ. ಹುಲಿಗೆವ್ವ ಒಲೆಯ ಮುಂದಿದ್ದಳು. ಹಗ್ಗದ ಮೇಲೆ ಬಿಳಿ ಗೆರೆಯ ಆ ಅಂಗಿ ಹಾಗೆಯೇ ಇತ್ತು, ಅವಳು ಒಗೆದಿರಲಿಲ್ಲ.

"ವೈನೀ, ಅವ ನನಗ ಅರಬುಟ್ಟಿ ಕೊಟ್ಟಾಗ ನಕ್ಕಿದ್ದಿಲ್ಲ," ಎಂದ ಗಣಪ್ಪ. "ನಾ ನಕ್ಕೋಂತ ಕೊಟ್ನಿ. ನಗಲಾರದ ಕೊಟ್ಟಿದ್ರ ತಗೋತಿದ್ದ."

ಹುಲಿಗೆವ್ವ ಪೇಜಿನ ಬಟ್ಟಲು ಅವನ ಮುಂದಿಟ್ಟು, ಉಪ್ಪು ಹಾಕಿದಳು.

"ಇಲ್ಲಪಾ, ತಗೋತಿದ್ದಿಲ್ಲ. ಉಣ್ಣು. ನೀನೂ ಐದು ದಿನ ಕೆಲಸಕ್ಕ ಹೋಗಿಲ್ಲ. ನಾಳಿ ಹ್ವಾದ್ರ ಮೊದಲ ಅರಬುಟ್ಟಿ ಹೊರು."