ಬಂದ್ ದಿನದ ಗುಳಿಗೆ

ಈ ಸೋಮವಾರ ಬೆಳಿಗ್ಗೆ ನಮ್ಮ ಕಾಲುವೆಗೆ ನೀರು ಬಂದ್ ಆಯಿತು. ಅದೇ ದಿನ ಶಹಾಪುರದ ಡಾಕ್ಟರೊಬ್ಬರು ನನಗೆ ಬಿಪಿ ಇದೆಯೆಂದು ಗುಳಿಗೆ ಬರೆದುಕೊಟ್ಟರು. ಎರಡಕ್ಕೂ ಸಂಬಂಧವಿಲ್ಲ ಎಂದು ನೀವು ಅನ್ನಬಹುದು. ನಮ್ಮ ಕಾಕಾ ಒಂದು ಕಾಲಕ್ಕೆ ಅದನ್ನು ಒಪ್ಪುತ್ತಿರಲಿಲ್ಲ.

ಕಾಕಾ ಕೆಂಭಾವಿ ಹತ್ತಿರದ ಉಪಕಾಲುವೆಯಲ್ಲಿ ಗೇಟು ತಿರುಗಿಸುವ ನೌಕರರಾಗಿದ್ದರು. ಕಾಲುವೆಯ ನೀರು ಸರದಿ ಮೇಲೆ: ಕೆಲವು ದಿನ ಚಾಲೂ, ಕೆಲವು ದಿನ ಬಂದ್. ಊರಿಗೆ ಕಾಲುವೆ ಬರುವ ಮೊದಲು ಅವರು ಜೋಳದ ರೊಟ್ಟಿ ತಿಂದು, ಒಣ ಹೊಲಕ್ಕೆ ನಡೆದು ಬಡಕಲಾಗಿದ್ದವರು. ನೀರಿನ ಹಿಂದೆ ಭತ್ತ ಬಂತು. ಭತ್ತದ ಹಿಂದೆ ಮೂರು ಹೊತ್ತು ಅನ್ನ, ಏರಿಯ ಮೇಲೆ ಓಡಾಡಲು ಮೋಟಾರ್ ಸೈಕಲ್, ಆಮೇಲೆ ಹೊಟ್ಟೆ. ಊರಿನಲ್ಲಿ ಹೊಟ್ಟೆಯನ್ನು ಅಭಿವೃದ್ಧಿ ಎಂದೇ ಲೆಕ್ಕ ಹಿಡಿಯುತ್ತಿದ್ದರು. ಸುರಪುರದಲ್ಲಿ ಪತ್ರಿಕೆಯ ವರದಿಗಾರನಾಗಿದ್ದ ನಾನೂ ಹಾಗೆಯೇ ಬರೆಯುತ್ತಿದ್ದೆ.

ಕೆಂಭಾವಿಯ ಆರೋಗ್ಯ ಶಿಬಿರದಲ್ಲಿ ಕಾಕಾನ ಬಿಪಿ ಗೊತ್ತಾಯಿತು. ಶಿಬಿರದ ಸುದ್ದಿ ನನ್ನದೇ: ಜಗತ್ತಿನಲ್ಲಿ ಅತಿ ಹೆಚ್ಚು ಜನ ಸಾಯುವುದು ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ; ಬಹಳಷ್ಟನ್ನು ತಡೆಯಬಹುದು; ಉಪ್ಪು ಕಡಿಮೆ ಮಾಡಿ, ತಂಬಾಕು ಬಿಡಿ, ನಡೆಯಿರಿ. ಬಿಪಿ ಗುಳಿಗೆಯನ್ನು ಒಂದು ದಿನವೂ ತಪ್ಪಿಸಬಾರದು ಎಂಬುದು ಕೊನೆಯ ಸಾಲು. ಜಾಗ ಸಾಲದೆ ಅದನ್ನು ನಾನೇ ಕತ್ತರಿಸಿದೆ. ವೇದಿಕೆಯ ಮೇಲಿದ್ದ ಗಣ್ಯರ ಹೆಸರುಗಳನ್ನು ಕತ್ತರಿಸುವಂತಿರಲಿಲ್ಲ.

ಆ ಸುದ್ದಿಯನ್ನು ಕಾಕಾ ಗೋಡೆಗೆ ಅಂಟಿಸಿಕೊಂಡರು. ತಿಂಗಳ ಮೇಲೆ ಅವರ ಮನೆಗೆ ಹೋದಾಗ ಕಿಟಕಿಯಲ್ಲಿ ಅರ್ಧದಷ್ಟು ಗುಳಿಗೆಗಳು ಹಾಗೇ ಉಳಿದಿದ್ದವು.

"ಇವು ಯಾಕ ಉಳಿದಾವ ಕಾಕಾ?"

"ಬಂದ್ ದಿನದವು ತಮ್ಮಾ. ಕಾಲುವಿ ಚಾಲೂ ಇದ್ರ ನುಂಗ್ತೀನಿ, ಬಂದ್ ಆದ್ರ ಬಿಡ್ತೀನಿ. ದಿನಾ ನೀರು ಬಿಟ್ರ ಭೂಮಿ ಸವಳಾಗಿ ಕೆಡ್ತದ. ಮೈ ಏನು ಬ್ಯಾರೇನು?"

ಕಾಕಾನ ಹೆಂಡತಿ, ನಮ್ಮ ಚಿಗವ್ವ, ಒಲೆಯ ಮುಂದಿನಿಂದಲೇ ಅಂದಳು: "ದಿನಾ ನುಂಗ್ರಿ ಅಂದ್ರ, ತಮ್ಮನ ಪೇಪರ್‌ನ್ಯಾಗ ಎಲ್ಲಿ ಬರದದ ತೋರ್ಸು ಅಂತಾರ. ಅನ್ನಕ್ಕ ಮಾತ್ರ ಬಂದ್ ಇಲ್ಲ ನೋಡು ಇವರಿಗೆ!"

ನಾನು ನಕ್ಕೆ. ಕಾಕಾನ ಮಾತಿನಲ್ಲಿ ನನಗೆ ಒಂದು ಒಳ್ಳೆಯ ಪುಟ್ಟ ಸುದ್ದಿ ಕಂಡಿತ್ತು. ದಿನಾ ನುಂಗಬೇಕು ಎಂದು ಹೇಳಿದೆ, ಒಂದೇ ಸಲ, ಚಹಾ ಕುಡಿಯುತ್ತ. ಯಾವ ಸಾಲನ್ನು ಕತ್ತರಿಸಿದ್ದೆ ಎಂಬುದನ್ನು ಹೇಳಲಿಲ್ಲ.

ಮುಂದಿನ ಬಂದ್‌ನ ಆರನೆಯ ದಿನ ಕಾಕಾನಿಗೆ ಲಕ್ವಾ ಹೊಡೆಯಿತು. ಗೇಟು ತಿರುಗಿಸುತ್ತಿದ್ದ ಬಲಗೈ ಹೋಯಿತು. ಮಾತು ಅರ್ಧ ಉಳಿಯಿತು.

ನಿನ್ನೆ ಅವರಿಗೆ ಫೋನಿನಲ್ಲಿ ನನ್ನ ಬಿಪಿ ವಿಷಯ ತಿಳಿಸಿದೆ. ಕತ್ತರಿಸಿದ ಸಾಲಿನ ವಿಷಯವನ್ನೂ, ಇಷ್ಟು ವರ್ಷಗಳ ಮೇಲೆ, ಹೇಳಿದೆ. ಕಾಕಾ ಫೋನ್ ಇಟ್ಟುಬಿಟ್ಟರು.

ಇಂದು ಬುಧವಾರ. ಬೆಳಿಗ್ಗೆ ಎಂಟಕ್ಕೆ ಅವರೇ ಫೋನ್ ಹಚ್ಚಿದರು.

"ನುಂ... ನುಂಗಿದಿ?"

"ಹೂಂ ಕಾಕಾ. ನೀವು?"

"ಈಗ."

ಕಾಲುವೆ ಇನ್ನೂ ಬಂದ್ ಇದೆ.